ಅರಿಶಿನ ಹಚ್ಚಿದ ಅಂಗಿ

ಡಿಗ್ರಿ ಓದುತ್ತಿದ್ದಾಗ, ದೀಪಾವಳಿ ಹತ್ತಿರ ಬಂತೆಂದರೆ ನಾನು ಬಂಗಾರಪೇಟೆಯ ಒಂದು ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕೆ ನಿಲ್ಲುತ್ತಿದ್ದೆ. ಹಬ್ಬ ಮುಗಿದರೆ ಕೆಲಸವೂ ಮುಗಿಯಿತು. ಸಾಹುಕಾರರದು ಒಂದೇ ಕಟ್ಟುನಿಟ್ಟು: ಕಲೆಯಾದ ಬಟ್ಟೆ ವಾಪಸು ತಗೊಳ್ಳಕೂಡದು.

ಒಂದು ವರ್ಷ ಹಬ್ಬದ ಹಿಂದಿನ ದಿನ ಕ್ಯಾಸಂಬಳ್ಳಿ ಕಡೆಯ ಒಬ್ಬ ಹೆಂಗಸು ನಮ್ಮಲ್ಲೇ ಕೊಂಡಿದ್ದ ಅಂಗಿಯೊಂದನ್ನು ತಂದು ನನ್ನ ಮುಂದಿಟ್ಟರು.

"ಮೊದಲ್ನೇ ದೀಪಾವಳಿ ಕಣಪ್ಪ, ಅಳಿಯಂದ್ರು ಬತ್ತಾವ್ರೆ. ಇದು ಅವ್ರಿಗೆ ಬಿಗಿ ಆಯ್ತದೆ ಅಂದ್ಲು ಮಗಳು. ದೊಡ್ಡದು ಕೊಡು."

ಬಿಡಿಸಿ ನೋಡಿದೆ. ಕಾಲರಿನ ಒಳಗೆ ಹೆಬ್ಬೆಟ್ಟಿನಗಲ ಅರಿಶಿನ. ಹೊಸ ಬಟ್ಟೆಗೆ ಅರಿಶಿನ ಮುಟ್ಟಿಸದೆ ತೊಡುವುದು ನಮ್ಮ ಕಡೆ ಇಲ್ಲ. ಈಯಮ್ಮ ಅಳತೆ ವಿಚಾರಿಸುವ ಮೊದಲೇ ಮುಟ್ಟಿಸಿಬಿಟ್ಟಿದ್ದರು.

"ಕಲೆ ಆಗಿದೆಯಲ್ಲಮ್ಮ," ಎಂದೆ.

"ಅರಿಶಿನಾನ ಕಲೆ ಅಂತೀಯಲ್ಲಪ್ಪ! ಅದೂ ಅಬ್ಬದಾಗೆ!"

ಅಂಗಡಿಯಲ್ಲಿದ್ದ ಹೆಂಗಸರೆಲ್ಲ ತಿರುಗಿ ನನ್ನನ್ನೇ ನೋಡಿದರು. ನಾನು ಸಾಹುಕಾರರನ್ನು ನೋಡಿದೆ. ಅವರು, ಬೆಳಿಗ್ಗೆ ಗಲ್ಲಾಪೆಟ್ಟಿಗೆಗೆ ತಾವೇ ಹಚ್ಚಿದ್ದ ಅರಿಶಿನವನ್ನು ನೋಡಿದರು.

"ದೊಡ್ಡದು ಕೊಟ್ಟು ಕಳ್ಸಪ್ಪ," ಎಂದರು.

ಸಂಜೆ ಹಬ್ಬದ ಉಡುಗೊರೆಯೆಂದು ಸಾಹುಕಾರರು ನನಗೊಂದು ಪೊಟ್ಟಣ ಕೊಟ್ಟರು. ಬಿಚ್ಚಿದರೆ ಅದೇ ಅಂಗಿ!

"ಒಳ್ಳೇದಾಗ್ಲಿ ಅಂತ ಅರಿಶಿನಾನೂ ಹಚ್ಚಿಟ್ಟಿದ್ದೀವಿ," ಎಂದರು, ಒಂದಿಷ್ಟೂ ನಗದೆ.

ಅಂಗಿ ನನಗೆ ಹೊಲಿಸಿದ ಹಾಗೆ ಕೂತಿತು. ಆದರೆ ಅಮ್ಮ, ಯಾರೋ ಹಚ್ಚಿದ್ದು ನಮಗೆ ಲೆಕ್ಕಕ್ಕಿಲ್ಲ ಎಂದು ಅಂಚಿಗೆ ತಾನೂ ಒಂದು ಬೊಟ್ಟು ಅರಿಶಿನ ಇಟ್ಟಳು. ಆ ದೀಪಾವಳಿಯಲ್ಲಿ ಹೊಸ ಅಳಿಯನಿಗೂ ಒಂದೇ ಕಡೆ ಅರಿಶಿನ. ನನಗೆ ಎರಡು ಕಡೆ.