ಸಗಣಿಯಿಲ್ಲದ ಇಂಗ್ಲಿಷ್ ಹಳ್ಳಿ

ಹೋದ ವರ್ಷ, ಅಮೆರಿಕದ ಫಾರ್ಮಿಂಗ್ಟನ್ ಹಿಲ್ಸ್‌ನ ಈ ಮನೆಗೆ ಬಂದ ಎರಡನೆಯ ಭಾನುವಾರ ಬೆಳಿಗ್ಗೆ ಕಹಳೆಯ ಸದ್ದಿಗೆ ಬೆಚ್ಚಿ ಬಾಗಿಲು ತೆರೆದೆ. ರಸ್ತೆಯಲ್ಲಿ ಕೆಂಪು ಕೋಟಿನ ಎಂಟು ಜನ ಕುದುರೆಯೇರಿ ನಿಂತಿದ್ದರು. ಸುತ್ತ ಇಪ್ಪತ್ತು ಮೂವತ್ತು ಬೇಟೆನಾಯಿಗಳು. ನಿಲುವಂಗಿಯ ಪಾದ್ರಿಯೊಬ್ಬರು ನಾಯಿಗಳ ಮೇಲೆ ತೀರ್ಥ ಚಿಮುಕಿಸುತ್ತಿದ್ದರು. ಇಂಗ್ಲೆಂಡಿನಲ್ಲಿ ನರಿಬೇಟೆಯ ಕಾಲ ಶುರುವಾಗುವಾಗ ನಾಯಿಗಳನ್ನು ಹೀಗೆ ಹರಸುತ್ತಾರಂತೆ. ನಮ್ಮ ಸಬ್‌ಡಿವಿಷನ್‌ಗೆ, ಅಂದರೆ ಬಡಾವಣೆಗೆ, ಇಂಗ್ಲಿಷ್ ಹಳ್ಳಿಯ ವೇಷ. ರಸ್ತೆಗಳಿಗೆಲ್ಲ ನರಿ, ನಾಯಿ, ಜಮೀನ್ದಾರರ ಹೆಸರು. ನರಿ ಮಾತ್ರ ಇಲ್ಲ. ವಾಸನೆ ಹಚ್ಚಿದ ಬಟ್ಟೆಯನ್ನು ಮೊದಲೇ ನೆಲದ ಮೇಲೆ ಎಳೆದುಕೊಂಡು ಹೋಗಿರುತ್ತಾರೆ. ನಾಯಿಗಳು ಅದನ್ನೇ ಮೂಸುತ್ತ ಓಡುತ್ತವೆ.

ಅಂದು ಒಂದು ಕುದುರೆ ನಮ್ಮ ಡ್ರೈವ್‌ವೇ ಮುಂದೆಯೇ ಲದ್ದಿ ಹಾಕಿತು. ಬೇಟೆಯ ಮುಖಂಡ ವಾಲ್ಟರ್ ಟೋಪಿ ಎತ್ತಿ, "ಹಳ್ಳಿಯ ಪರಿಮಳ!" ಎಂದರು. ಅವರನ್ನು ಎಲ್ಲರೂ ಮಾಸ್ಟರ್ ಎನ್ನುತ್ತಾರೆ. ಬಡಾವಣೆಯ ಮನೆ ಮಾಲೀಕರ ಸಂಘಕ್ಕೂ ಅವರೇ ಅಧ್ಯಕ್ಷರು. ಎಲ್ಲರೂ ನಕ್ಕರು. ಹೊಸಬಳು ಅಂತ ನಾನೂ ನಕ್ಕೆ.

ಇಂಗ್ಲೆಂಡಿನ ಹಳ್ಳಿ ನನಗೆ ಗೊತ್ತು. ಬೀದರಿನಲ್ಲಿ ಪಶುವೈದ್ಯಕೀಯ ಓದಿ, ಮದುವೆಗೆ ಮುಂಚೆ ಎರಡು ವರ್ಷ ಯಾರ್ಕ್‌ಷೈರಿನ ಹಳ್ಳಿಯೊಂದರ ದನದ ಆಸ್ಪತ್ರೆಯಲ್ಲಿ ಸಹಾಯಕಿಯಾಗಿದ್ದೆ. ಅಲ್ಲಿ ಪ್ರತಿ ಮನೆಯ ಬಾಗಿಲಲ್ಲೂ ವೆಲ್ಲೀಸ್, ಅಂದರೆ ಮೊಣಕಾಲುದ್ದದ ರಬ್ಬರ್ ಬೂಟು, ಅದಕ್ಕೆ ಮೆತ್ತಿದ ಸಗಣಿ. ಕುರಿ ಈಯುವ ಕಾಲದಲ್ಲಿ ಕೆಸರಲ್ಲಿ ಮಂಡಿಯೂರಿ ಮರಿ ಎಳೆದಾಗ ಮುದುಕ ರೈತನೊಬ್ಬ "ಗುಡ್ ಲ್ಯಾಸ್" ಎಂದು ಬೆನ್ನು ತಟ್ಟಿದ್ದ. ಲ್ಯಾಸ್ ಎಂದರೆ ಅಲ್ಲಿ ಹುಡುಗಿ. ಗೊಬ್ಬರದ ವಾಸನೆ ಕಿಟಕಿಯಿಂದ ಬಂದ ರಾತ್ರಿಗಳಲ್ಲಿ ನನಗೆ ನಮ್ಮೂರು ಬೈಲಹೊಂಗಲದಲ್ಲೇ ಇದ್ದ ಹಾಗೆ ನಿದ್ದೆ ಬರುತ್ತಿತ್ತು.

ಈ ವರ್ಷ ದೀಪಾವಳಿ ಬಂತು. ನಮ್ಮ ಕಡೆ ಪಾಡ್ಯದ ದಿನ ಸಗಣಿಯಲ್ಲಿ ಐವರು ಪಾಂಡವರನ್ನು ಮಾಡಿ, ಹೂ ಸಿಕ್ಕಿಸಿ, ಹೊಸ್ತಿಲ ಹತ್ತಿರ ಕೂರಿಸುತ್ತೇವೆ. ನಲವತ್ತು ಮೈಲಿ ಡ್ರೈವ್ ಮಾಡಿ ಒಂದು ಡೈರಿಗೆ ಹೋದೆ. "ತೋಟಕ್ಕಾ?" ಎಂದು ಅಲ್ಲಿಯ ಹೆಂಗಸು ಕೇಳಿದಳು. "ದೇವರಿಗೆ" ಎಂದೆ. ಕೂಡಲೇ ಬಕೆಟ್ ತುಂಬಿಸಿಕೊಟ್ಟಳು. ಪಾಡ್ಯದ ಬೆಳಿಗ್ಗೆ ಐವರನ್ನೂ ಮಾಡಿ ಹೊಸ್ತಿಲ ಹತ್ತಿರ ಕೂರಿಸಿದೆ.

ಎರಡೇ ದಿನಕ್ಕೆ ಸಂಘದ ಪತ್ರ ಬಂತು. ಪ್ರಾಣಿಯ ಮಲ ನಮ್ಮ ಇಂಗ್ಲಿಷ್ ಹಳ್ಳಿಯ ಸೊಬಗಿಗೆ ಹೊಂದುವುದಿಲ್ಲ, ನಲವತ್ತೆಂಟು ತಾಸಿನೊಳಗೆ ತೆಗೆಯಿರಿ ಎಂದಿತ್ತು. ಓದಿದ್ದೇ ತಡ, ಪಿತ್ತ ನೆತ್ತಿಗೇರಿತು.

"ಸುಮ್ನೆ ತೆಗೆದ್ಬಿಡೇ. ಗರಾಜಲ್ಲಿಟ್ಟು ಪೂಜೆ ಮಾಡಿದ್ರಾಯ್ತು," ಎಂದರು ನಮ್ಮವರು. ಮೈಸೂರಿನವರು, ಮೆತ್ತಗಿನವರು.

"ಗರಾಜಿನ್ಯಾಗ ಪಾಂಡವ್ರನ್ನ ಕೂರಸ್ತಾರೇನ್ರೀ? ಇದೇನು ಅಜ್ಞಾತವಾಸ ಏನು?" ಎಂದು ಕೂಗಿ, ಪತ್ರ ಹಿಡಿದು ವಾಲ್ಟರ್ ಮನೆಗೆ ನಡೆದೆ.

ಅವರು ನಗುತ್ತಲೇ ಬಾಗಿಲು ತೆರೆದರು. ನಿಮ್ಮ ಕುದುರೆಯ ಲದ್ದಿ ಪರಿಮಳ, ನನ್ನ ದೇವರು ಮಲವೇ ಎಂದು ಕೇಳಿದೆ. "ಅದು ಸಂಪ್ರದಾಯ," ಎಂದರು. ಇಂಗ್ಲೆಂಡಿನ ಹಳ್ಳಿಯಲ್ಲಿ ಎಷ್ಟು ದಿನ ಇದ್ದಿರಿ ಎಂದೆ. ಒಮ್ಮೆ ಲಂಡನ್ನಿಗೆ ಹೋಗಿದ್ದರಂತೆ, ಒಂದು ಕೋಟೆ ನೋಡಿದ್ದರಂತೆ. ನಾನು ಎರಡು ವರ್ಷ ಇದ್ದೆ, ಅಲ್ಲಿ ಈ ಪತ್ರ ಹಂಚಿದರೆ ಊರಿಗೆ ಊರೇ ಖಾಲಿ ಮಾಡಬೇಕಾದೀತು ಎಂದೆ. "ನಲವತ್ತೆಂಟು ತಾಸು," ಎಂದು ನಯವಾಗಿ ಬಾಗಿಲು ಹಾಕಿಕೊಂಡರು. ಅತ್ತೆ ಒಡೆದರೆ ಒಡಕು ಮಡಕೆ, ಸೊಸೆ ಒಡೆದರೆ ಹೊಸ ಮಡಕೆ.

ಅವರೊಂದಿಗೆ ಕೊನೆತನಕ ಜಗಳಾಡುತ್ತಿದ್ದೆ. ಆದರೆ ಮನೆಗೆ ಬಂದರೆ ಹತ್ತು ವರ್ಷದ ಮಗಳು ಅನಘಾ ಅಳುತ್ತ ಬಾಗಿಲಲ್ಲೇ ನಿಂತಿದ್ದಳು.

"ಅಮ್ಮಾ, ಇಟ್ಸ್ ಪೂಪ್! ದಿ ಹೋಲ್ ಬಸ್ ಸಾ ಇಟ್!" ಶಾಲೆಯ ಬಸ್ಸಿನ ಮಕ್ಕಳೆಲ್ಲ ನೋಡಿಬಿಟ್ಟಿದ್ದರಂತೆ.

"ಪೂಪ್ ಅಲ್ಲವಾ, ಪಾಂಡವ್ರು. ನಿಮ್ಮಜ್ಜಿ ಇದರಾಗ ಕೈ ಹಾಕೇ ನನ್ನ ಓದಿಸ್ಯಾಳ."

"ಡು ಯು ಹ್ಯಾವ್ ಟು ಬಿ ಸೋ ವಿಲೇಜ್?"

ಇಷ್ಟು ಹಳ್ಳಿಯವಳಾಗಬೇಕಾ ನೀನು ಎಂದು ನನ್ನ ಮಗಳು ಕೇಳಿದಳು, ಹಳ್ಳಿಯ ವೇಷ ಹಾಕಿದ ಬೀದಿಯಲ್ಲಿ ನಿಂತು. ವಾಲ್ಟರ್ ಮುಂದೆ ಸೋಲದವಳು ಅವಳ ಮುಂದೆ ಸೋತೆ. ಐವರನ್ನೂ ಹಲಗೆಯ ಮೇಲೆ ಎತ್ತಿಕೊಂಡು ಹೋಗಿ ಗರಾಜಿನಲ್ಲಿ ಹಿಮ ತೆಗೆಯುವ ಸ್ನೋ ಬ್ಲೋವರ್ ಪಕ್ಕ ಇಟ್ಟೆ. ನನ್ನ ಮೇಲೆ ನನಗೇ ಹೇಸಿಗೆಯಾಯಿತು.

ಮುಂದಿನ ಭಾನುವಾರ ಈ ವರ್ಷದ ಬೇಟೆ ಶುರು. ಮತ್ತೆ ಕಹಳೆ, ಕೆಂಪು ಕೋಟು, ತೀರ್ಥ. ಅನಘಾ ಗೆಳತಿಯರ ಜತೆ ರಸ್ತೆಯಂಚಿನಲ್ಲಿ ನಿಂತಿದ್ದಳು, ನಾನು ಬಾಗಿಲಲ್ಲಿ. ಈ ಸಲ ವಾಲ್ಟರ್ ಕುದುರೆಯೇ ನಮ್ಮ ಮನೆ ಮುಂದೆ ಲದ್ದಿ ಹಾಕಿತು. ಅವರು ಟೋಪಿ ಎತ್ತಿ, "ಹಳ್ಳಿಯ ಪರಿಮಳ!" ಎಂದರು. ಎಲ್ಲರೂ ನಗಬೇಕು, ಅಷ್ಟರಲ್ಲಿ ಮಗಳ ದನಿ ಕೇಳಿಸಿತು.

"ಮಾಸ್ಟರ್! ಫಾರ್ಟಿ-ಎಯ್ಟ್ ಅವರ್ಸ್!"

ವಾಲ್ಟರ್ ಎತ್ತಿದ ಟೋಪಿ ಕೈಯಲ್ಲೇ ಉಳಿಯಿತು. ನಾನು ಓಡಿಹೋಗಿ ಅವಳನ್ನು ಅಪ್ಪಿಕೊಳ್ಳಲು ಕೈ ಚಾಚಿದೆ. "ನಾಟ್ ಹಿಯರ್, ಅಮ್ಮಾ," ಎಂದು ತಪ್ಪಿಸಿಕೊಂಡು ಗೆಳತಿಯರೊಂದಿಗೆ ಆ ನಾಯಿಗಳ ಹಿಂದೆಯೇ ಓಡಿದಳು.

ಗರಾಜ್ ಬಾಗಿಲು ಎತ್ತಿದೆ. ಭೀಮ ಒಣಗಿ ಬಿರುಕು ಬಿಟ್ಟಿದ್ದ. ಐವರನ್ನೂ ತಂದು ಮತ್ತೆ ಹೊಸ್ತಿಲ ಹತ್ತಿರ ಕೂರಿಸಿ ಪಕ್ಕದಲ್ಲೇ ಕುಳಿತೆ. ದೂರದಲ್ಲಿ ಮಗಳ ನಗು ಕೇಳಿಸುತ್ತಿದೆ. ರಸ್ತೆಯ ಮೇಲಿನ ಲದ್ದಿಯನ್ನು ಇನ್ನೂ ಯಾರೂ ತೆಗೆದಿಲ್ಲ. ಅದನ್ನು ತೆಗೆಯುವ ತನಕ ನಾನೂ ಏಳುವುದಿಲ್ಲ.