ದುರಗಪ್ಪನ ಸಾಕ್ಷಿ

ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಿ ಹಮಾಲಿ ಮಾಡುವ ದುರಗಪ್ಪನ ಬೆನ್ನು ಗಟ್ಟಿ ಎನ್ನುವವರು ಕೆಲವರು, ಬಾಯಿ ಅದಕ್ಕಿಂತ ಗಟ್ಟಿ ಎನ್ನುವವರು ಬಹಳ ಮಂದಿ. ಸುಳ್ಳಲ್ಲ. ಊರ ಅಂಚಿನಲ್ಲಿ ತಗಡಿನ ಚಾವಣಿಯ ಕೆಳಗೆ ಭಾನುವಾರ ಭಾನುವಾರ ಸೇರುವ ಕ್ರೈಸ್ತ ಸಭೆಯಲ್ಲಿ, ಪಾಸ್ಟರ ಪ್ರಸಂಗಕ್ಕೆ ಮುಂಚೆ ಸಾಕ್ಷಿ ಹೇಳುವ ರೂಢಿಯುಂಟು. ದೇವರು ತಮ್ಮ ಬದುಕಿನಲ್ಲಿ ಏನು ಮಾಡಿದನೆಂದು ಒಬ್ಬೊಬ್ಬರು ಎದ್ದು ನಿಂತು ಹೇಳುತ್ತಾರೆ. ಉಳಿದವರು ಜ್ವರ ಹೋಯಿತು, ಮಗಳಿಗೆ ಒಳ್ಳೆಯ ಕಡೆ ಕೂಡಿಬಂತು ಎಂದು ನಾಲ್ಕು ಮಾತಾಡಿ ಕೂತುಬಿಡುವವರು. ದುರಗಪ್ಪ ಎದ್ದನೆಂದರೆ ಮಾತ್ರ ಅಳುವ ಕೂಸುಗಳೂ ಸುಮ್ಮನಾಗುತ್ತಿದ್ದವು.

ಹೇಳುವುದು ತನ್ನದೇ ಕಥೆ. ಹರೆಯದಲ್ಲಿ ಹೋರಿ ಹಬ್ಬ ಎಲ್ಲಿದ್ದರೂ ಅವನು ಅಲ್ಲಿ. ಬೆದರಿ ಓಡುವ ಹೋರಿಯ ಕೊರಳಿಗೆ ಜೋತುಬಿದ್ದು ಕೊಬ್ಬರಿ ಸರ ಹರಿದುಕೊಂಡು ಬರುವುದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಮಂದಿ ಸಿಳ್ಳೆ ಹೊಡೆದರೆ ಸಾಕು, ಅವನಿಗೆ ಊಟ ಬೇಡ. ಸಿಳ್ಳೆಯ ಬೆನ್ನಿಗೆ ಕುಡಿಯುವ ಸೆರೆ ಬಂತು, ಸೆರೆಯ ಬೆನ್ನಿಗೆ ಜಗಳ ಬಂತು. ಹೆಂಡತಿ ಚೌಡವ್ವನನ್ನು ಬಡಿಯುತ್ತಿದ್ದ. ಒಂದು ದಿನ ಒಲೆಯ ಕಟ್ಟಿಗೆ ತೆಗೆದುಕೊಂಡು ಹೊಡೆದು ಅವಳ ಬಲಗೈ ಮಣಿಕಟ್ಟು ಮುರಿದ. ಮುಂದೆ ಕಾಮಾಲೆ ಹತ್ತಿ ಹಾವೇರಿಯ ಆಸ್ಪತ್ರೆಯಲ್ಲಿ ಮಲಗಿದಾಗ, ಬೇರೆ ಯಾರನ್ನೋ ನೋಡಲು ಬಂದಿದ್ದ ಪಾಸ್ಟರು ಇವನ ತಲೆಯ ಮೇಲೂ ಕೈಯಿಟ್ಟು ಪ್ರಾರ್ಥನೆ ಮಾಡಿದರು. ಎದ್ದು ಬಂದವನು ಮತ್ತೆ ಸೆರೆ ಮುಟ್ಟಲಿಲ್ಲ, ಹೆಂಡತಿಯ ಮೇಲೆ ಕೈ ಮಾಡಲಿಲ್ಲ. ಗಂಡಹೆಂಡತಿ ಇಬ್ಬರೂ ದೀಕ್ಷಾಸ್ನಾನ ತೆಗೆದುಕೊಂಡರು.

ಇಷ್ಟೂ ಖರೆ. ಇಲ್ಲವೆಂದರೆ ನಾಲಿಗೆಗೆ ಹುಳ ಬೀಳಬೇಕು. ಪಗಾರ ಪೂರಾ ಮನೆಗೆ ಬರತೊಡಗಿತು, ಮಗಳು ದೀಪಿಕಾ ಹಾವೇರಿಯ ಹಾಸ್ಟೆಲಿನಲ್ಲಿದ್ದು ಓದುವಂತಾಯಿತು. ಆದರೆ ಹುಟ್ಟುಗುಣ ಸುಟ್ಟರೂ ಹೋಗದು ಅಂತಾರಲ್ಲ, ಅದು ಬಾಗಿಲಿನಿಂದ ಹೊರಗೆ ಹೋದಂತೆ ಮಾಡಿ ಕಿಟಕಿಯಿಂದ ಒಳಗೆ ಬರುತ್ತದೆ. ಮೊದಲ ವರ್ಷದ ಸಾಕ್ಷಿಯಲ್ಲಿ ದುರಗಪ್ಪ ದಿನಕ್ಕೆ ಒಂದು ಕ್ವಾರ್ಟರ್ ಕುಡಿಯುತ್ತಿದ್ದ. ಮರುವರ್ಷ ಅದು ಹಾಫ್ ಆಯಿತು. ಈಚೆಗಂತೂ ಫುಲ್ ಬಾಟಲಿಗಿಂತ ಕೆಳಗೆ ಇಳಿಯುತ್ತಲೇ ಇರಲಿಲ್ಲ. "ಸೆರೆ ಬಿಟ್ಟ ಮ್ಯಾಲ ದುರಗಪ್ಪ ಕುಡಿಯೂದ ಭಾಳ ಆತಪಾ" ಎಂದು ಜೊತೆಯ ಹಮಾಲ ಚಮನಸಾಬ ಚೀಲ ಹೊರುತ್ತಲೇ ನಗುತ್ತಿದ್ದ. ದುರಗಪ್ಪನಿಗೆ ಸಿಟ್ಟು ಬರುತ್ತಿತ್ತು, ಆದರೆ ವಿಶ್ವಾಸಿ ಸಿಟ್ಟು ಮಾಡಬಾರದೆಂದು ನುಂಗಿಕೊಳ್ಳುತ್ತಿದ್ದ. ಮಾತಿಗೆ ಮಾತಿಗೆ ಸಭೆಯವರು "ಸ್ತೋತ್ರ, ಹಲ್ಲೆಲೂಯಾ" ಎನ್ನುವಾಗ ಮೈಯಲ್ಲಿ ಏಳುತ್ತಿದ್ದ ಬಿಸಿ, ಹಿಂದೆ ಸಿಳ್ಳೆ ಕೇಳಿದಾಗ ಏಳುತ್ತಿದ್ದ ಬಿಸಿಯೇ ಎಂಬುದು ಮಾತ್ರ ಅವನ ತಲೆಗೆ ಹೊಳೆಯಲಿಲ್ಲ. ತನ್ನ ಬೆನ್ನು ತನಗೆ ಕಾಣುವುದುಂಟೇ?

ಇನ್ನೊಂದು ಮಾತು. ಕೈ ಮುರಿದ ಸುದ್ದಿಗೆ ಬಂದಾಗ ದುರಗಪ್ಪ ಮಾತು ನಿಲ್ಲಿಸಿ, ಹೆಂಗಸರ ಕಡೆ ತಿರುಗಿ, "ಚೌಡವ್ವಾ, ಕೈ ಎತ್ತಿ ತೋರಸು" ಎನ್ನುತ್ತಿದ್ದ. ಚೌಡವ್ವ ಎತ್ತಿ ತೋರಿಸುತ್ತಿದ್ದಳು. ಸರಿಯಾಗಿ ಕೂಡದೆ ಸೊಟ್ಟಗೆ ಬೆಳೆದ ಮಣಿಕಟ್ಟು. ಮಂದಿ ಲೊಚಗುಟ್ಟುತ್ತಿದ್ದರು, ಪರವೂರಿನಿಂದ ಬಂದವರು ಎದ್ದು ಇಣುಕುತ್ತಿದ್ದರು. ಅದೇ ಕೈಯಲ್ಲಿ ಅವಳು ಗೋದಾಮಿನಲ್ಲಿ ದಿನವಿಡೀ ಮೆಣಸಿನಕಾಯಿ ತೊಟ್ಟು ಮುರಿಯುವವಳು. ಸೆರಗು ಎಳೆದುಕೊಂಡು ಕೈ ಮುಚ್ಚಿ ಮತ್ತೆ ಕೂರುತ್ತಿದ್ದಳು. ಅವಳಿಗೆ ಹೇಗೆ ಅನಿಸುತ್ತದೆಂದು ಇಷ್ಟು ವರ್ಷದಲ್ಲಿ ಯಾರೂ ಕೇಳಲಿಲ್ಲ.

ಹೋದ ಬೇಸಿಗೆಯಲ್ಲಿ ರಾಣೆಬೆನ್ನೂರಿನಲ್ಲಿ ದೊಡ್ಡ ಕೂಟವೊಂದು ಏರ್ಪಾಡಾಯಿತು. ಬಯಲಿನಲ್ಲಿ ಪೆಂಡಾಲು, ಮೈಕು, ದೂರದೂರದ ಪ್ರಸಂಗಿಗಳು. ಪಾಸ್ಟರು ದುರಗಪ್ಪನನ್ನು ಕರೆದು, "ಮೊದಲನೇ ದಿನದ ಸಾಕ್ಷಿ ನಿಮ್ದ ನೋಡ್ರಿ. ಸಾವಿರಗಟ್ಟಲೆ ಮಂದಿ ಬರ್ತಾರ" ಎಂದರು. ದುರಗಪ್ಪನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಬಿಳಿ ಅಂಗಿ ಹೊಲಿಸಲು ಹಾಕಿದ. ಚೀಲ ಹೊತ್ತು ನಡೆಯುವಾಗಲೂ ತುಟಿ ಅಲ್ಲಾಡುತ್ತಿತ್ತು.

ಸಂಜೆ ಮನೆಗೆ ಬಂದಾಗ ಚೌಡವ್ವ ರೊಟ್ಟಿ ತಟ್ಟುತ್ತಿದ್ದಳು.

"ನೀ ಮುಂದಿನ ಸಾಲಿನ್ಯಾಗ ಕುಂದ್ರು. ನಾ ಕರದ ಕೂಡಲೇ ಸ್ಟೇಜ್ ಮ್ಯಾಲ ಬಂದು ಕೈ ತೋರಿಸಿದ್ರ ಸಾಕು. ಮಾತಾಡೂದೇನೂ ಬ್ಯಾಡ" ಎಂದ.

"ನಾ ಬರಂಗಿಲ್ಲ" ಎಂದಳು ಚೌಡವ್ವ.

"ಯಾಕ? ಆರಾಮಿಲ್ಲೇನು?"

"ಆರಾಮ ಅದೇನಿ. ಕೈ ತೋರಿಸಾಕ ಬರಂಗಿಲ್ಲ."

"ಅಲ್ಲಾ, ದೇವರ ಮಹಿಮಾ ಮಂದಿಗೆ ತೋರಿಸೂದು ಬ್ಯಾಡೇನು?"

"ಅದಕ್ಕ ನಿಮ್ಮ ಬಾಯಿ ಐತೆಲ್ಲ. ನನ್ನ ಕೈ ಯಾಕ ಬೇಕು?"

ಇಷ್ಟು ವರ್ಷ ಎದುರು ಮಾತಾಡದವಳು ಹೀಗೆ ಅಂದದ್ದೇ ದುರಗಪ್ಪನ ನೆತ್ತಿಗೆ ಏರಿತು. ಪಾಸ್ಟರ ಮುಂದೆ ತನ್ನ ಮಾನವೇನಾಗಬೇಕು, ಅಷ್ಟು ಮಂದಿಯ ಮುಂದೆ ಸಾಕ್ಷಿ ಸಪ್ಪಗಾದರೆ ಏನು ಗತಿ? ಏನು ಮಾಡುತ್ತಿದ್ದೇನೆಂದು ತಿಳಿಯುವುದರೊಳಗೆ ಅವನ ಕೈ ಮೇಲೆದ್ದಿತ್ತು. ಚೌಡವ್ವ ಚೀರಲಿಲ್ಲ, ಓಡಲಿಲ್ಲ. ಹಿಟ್ಟು ಮೆತ್ತಿದ ಆ ಸೊಟ್ಟ ಕೈಯನ್ನು ಮುಖಕ್ಕೆ ಅಡ್ಡ ಹಿಡಿದು ಕಣ್ಣು ಮುಚ್ಚಿಕೊಂಡಳು.

ದುರಗಪ್ಪ ಕೈ ಇಳಿಸಿದ. ಹೊಡೆಯಲಿಲ್ಲ, ನಿಜ. ಆದರೆ ಅವನ ಹೆಂಡತಿ ಹೊಡೆತಕ್ಕೆ ತಯಾರಾಗಿಯೇ ಇದ್ದಳು. ತಾನು ಬದಲಾದೆನೆಂದು ಊರಿಗೆಲ್ಲ ಸಾರಿದ ಸುದ್ದಿ ಅವಳ ಮೈಗೆ ಇನ್ನೂ ಮುಟ್ಟಿರಲಿಲ್ಲ. ಅವನು ಅಲ್ಲೇ ಗೋಡೆಗೆ ಒರಗಿ ಕೂತ.

ಹಂಚಿನ ಮೇಲಿನ ರೊಟ್ಟಿ ಸೀದ ವಾಸನೆ ಬಂದಾಗ ಚೌಡವ್ವ ಕಣ್ಣು ತೆರೆದಳು. ರೊಟ್ಟಿ ತೆಗೆದು ಬದಿಗಿಟ್ಟು, ಅವನ ಮುಖ ನೋಡದೆ ಮಾತಾಡಿದಳು. "ದೇವರ ಹತ್ರ ಕ್ಷಮಾ ಕೇಳಿದ್ರಿ. ಪಾಸ್ಟ್ರ ಮುಂದ ಹೇಳಿದ್ರಿ. ಬ್ಯಾಡಗಿ, ಮೋಟೆಬೆನ್ನೂರು, ಕಾಗಿನೆಲಿ, ಎಲ್ಲಾ ಊರ ಮಂದಿ ಮುಂದ ಹೇಳಿದ್ರಿ. ಹೊಡತಾ ತಿಂದಾಕಿ ನಾನು. ನನ್ನ ಮುಂದ ಕುಂತು ಒಂದ ದಿನಾ ಕೇಳೀರೇನು?"

ದುರಗಪ್ಪ ಬದಿಗಿಟ್ಟಿದ್ದ ಸೀದ ರೊಟ್ಟಿಯನ್ನೇ ತಿಂದು ಹೋಗಿ ಮಲಗಿದ.

ಮರುದಿನ ಪೇಟೆಯಲ್ಲಿ ಚೀಲದ ಮೇಲೆ ಚೀಲ ಹೊತ್ತು ಥಪ್ಪಿ ಒಟ್ಟಿದ. ಕೇಳಿಯೇ ಇರುತ್ತೇನೆ, ಎಂದಾದರೂ ಕೇಳಿರುತ್ತೇನೆ ಎಂದು ನೆನಪನ್ನು ಕೆದಕಿದ. ಏನೂ ಸಿಗಲಿಲ್ಲ. ಸೆರೆ ಬಿಟ್ಟಿದ್ದೇನೆ, ಬಡಿಯುವುದು ಬಿಟ್ಟಿದ್ದೇನೆ, ಇನ್ನೇನು ಇವಳ ಕಾಲಿಗೆ ಬೀಳಬೇಕೇ ಎಂದು ಒಳಗೇ ವಾದ ಹೂಡಿದ. ವಾದದಲ್ಲಿ ಗೆದ್ದ, ಸಮಾಧಾನ ಮಾತ್ರ ಆಗಲಿಲ್ಲ. ಕಡೆಗೆ ಗಂಡಸರು ಹಿಡಿಯುವ ಅಡ್ಡದಾರಿಯನ್ನೇ ಅವನೂ ಹಿಡಿದ. ಬಿಸಿ ಬಿಸಿ ಮಿರ್ಚಿ, ಮಂಡಕ್ಕಿ, ಒಂದು ಮೊಳ ಮಲ್ಲಿಗೆ ಕಟ್ಟಿಸಿಕೊಂಡು ಮನೆಗೆ ಹೋದ. ಚೌಡವ್ವ ಪೊಟ್ಟಣ ಬಿಚ್ಚಿ ನೋಡಿದಳು.

"ಮಿರ್ಚಿ ತಂದೀರಿ. ಮಾತು ತಂದಿಲ್ಲ" ಎಂದಳು. ಹಾಗೆಂದು ಮಿರ್ಚಿ ಬಿಡಲಿಲ್ಲ, ಇಬ್ಬರೂ ಕೂಡಿ ತಿಂದರು.

ಕೂಟ ಹತ್ತಿರ ಬಂದಂತೆ ದುರಗಪ್ಪನಿಗೆ ಅನ್ನ ಸೇರದಾಯಿತು. ಸಾಕ್ಷಿಯ ಮಾತು ಮನಸ್ಸಿನಲ್ಲಿ ಹೇಳಿಕೊಳ್ಳಲು ಹೋದರೆ ಒಂದು ಕಡೆ ಬಂದು ತಡೆಯುತ್ತಿತ್ತು. ಆ ತಡೆ ಯಾವುದೆಂದು ಅವನಿಗೆ ಗೊತ್ತಿತ್ತು, ಗೊತ್ತಿಲ್ಲದವನಂತೆ ಇಷ್ಟು ವರ್ಷ ದಾಟಿಕೊಂಡು ಬಂದಿದ್ದ. ಕಡೆಗೆ ಒಂದು ಬೆಳಿಗ್ಗೆ ನೆಟ್ಟಗೆ ಪಾಸ್ಟರ ಮನೆಗೆ ಹೋಗಿ ನಿಂತ.

"ರಾಣೆಬೆನ್ನೂರಾಗ ನಾ ಸಾಕ್ಷಿ ಹೇಳಂಗಿಲ್ರಿ" ಎಂದ.

ಪಾಸ್ಟರು ಕುರ್ಚಿಯಿಂದ ಅರ್ಧ ಎದ್ದರು. "ಹೆಸರು ಕೊಟ್ಟೇವಲ್ರಿ ದುರಗಪ್ಪ. ಏನಾತು?"

"ನನ್ನ ಸಾಕ್ಷಿ ಇನ್ನೂ ಅರ್ಧಾ ಐತ್ರಿ. ಉಳದಿದ್ದರ್ಧಾ ಮನ್ಯಾಗ ಐತಿ."

ಪಾಸ್ಟರು ಒಳ್ಳೆಯ ಮನುಷ್ಯ. ಇವನ ಸಾಕ್ಷಿಯಿಂದ ಸಭೆ ತುಂಬುತ್ತದೆಂಬ ಆಸೆ ಅವರಿಗೂ ಇತ್ತು. "ಕೈ ಎತ್ತು ಅಂತ ನೀವು ಅಂದಾಗ ನಾನರ ಬ್ಯಾಡ ಅನ್ನಬೇಕಿತ್ತು. ನಾನೂ ಸ್ತೋತ್ರ ಅಂದೇನಿ" ಎಂದರು. "ಹೋಗ್ರಿ, ಮೊದಲ ಮನೀದು ಮುಗಿಸ್ರಿ."

ಕೂಟದ ದಿನ ಸಭೆಯವರೆಲ್ಲ ಟೆಂಪೊ ಹತ್ತಿ ಹಾಡುತ್ತ ರಾಣೆಬೆನ್ನೂರಿಗೆ ಹೋದರು. ಹೊಲಿಸಿದ ಅಂಗಿ ಗೂಟಕ್ಕೆ ನೇತಾಡುತ್ತಿತ್ತು. ಚೌಡವ್ವ ಪಡಸಾಲೆಯಲ್ಲಿ ಮನೆಗೆ ತಂದಿದ್ದ ಮೆಣಸಿನಕಾಯಿ ಸುರುವಿಕೊಂಡು ತೊಟ್ಟು ಮುರಿಯುತ್ತ ಕೂತಿದ್ದಳು. ದುರಗಪ್ಪ ಬಂದು ಎದುರಿಗೆ ಕೂತ. ಘಾಟಿಗೆ ಸೀನು ಬಂತು. ಸೀನಿದ, ಮತ್ತೆ ಸೀನಿದ. ಮಾತು ಬರುವ ಮುಂಚೆ ಕಣ್ಣಲ್ಲಿ ನೀರು ಬಂತು, ಅದರಲ್ಲಿ ಮೆಣಸಿನಕಾಯಿಯದೆಷ್ಟು, ಅವನದೆಷ್ಟು, ದೇವರೇ ಬಲ್ಲ.

"ನಿನ್ನ ಕೈ ಮುರದೇನಿ" ಎಂದ. "ಕುಡದಿದ್ದೆ, ಸೈತಾನ ಮಾಡಿಸಿದ ಅಂತ ಎಲ್ಲಾರ ಮುಂದ ಹೇಳಿಕೋತ ಬಂದೇನಿ. ಅವತ್ತ ನಾ ಕುಡದಿದ್ದಿಲ್ಲ."

ಚೌಡವ್ವನ ಬೆರಳು ನಿಂತವು.

"ನನಗ ಗೊತ್ತೈತಿ" ಎಂದಳು. "ಹತ್ರ ಬಂದು ಹೊಡದಾಗ ವಾಸನಿ ಇದ್ದಿಲ್ಲ."

ಆ ದಿನ ಹೋರಿ ಹಬ್ಬದಲ್ಲಿ ದುರಗಪ್ಪ ಹೋರಿಗೆ ಜೋತುಬೀಳಲು ಹೋಗಿ ಕೆಸರಿನಲ್ಲಿ ಬೋರಲು ಬಿದ್ದಿದ್ದ. ಮಂದಿ ನಕ್ಕಿದ್ದರು. ಮನೆಗೆ ಬಂದಾಗ ಅವನ ವೇಷ ನೋಡಿ ಚೌಡವ್ವನೂ ನಕ್ಕಿದ್ದಳು. ಅಷ್ಟೇ. ಮಂದಿಯನ್ನು ಹೊಡೆಯಲಾಗಲಿಲ್ಲ, ಇವಳನ್ನು ಹೊಡೆದ. ಸೆರೆಯ ಬಾಟಲಿ ಒಡೆದುಹಾಕಿದರೆ ಹೋಗುವ ಪಾಪವಾಗಿರಲಿಲ್ಲ ಅದು.

"ಯಾರೂ ಮಾಡಿಸಲಿಲ್ಲ, ನಾನ ಮಾಡೇನಿ" ಎಂದ ದುರಗಪ್ಪ. "ಮತ್ತ ಆ ಕೈ ಮಂದಿಗೆ ತೋರಿಸಿ ದೊಡ್ಡಾಂವ ಆದೆ. ಅದೂ ನಾನ ಮಾಡೇನಿ. ನನಗ ಕ್ಷಮಾ ಮಾಡು."

ಅಷ್ಟಾದ ಮೇಲೆ ಚೌಡವ್ವ ಅಳಬೇಕು, ಆಯಿತು ಬಿಡ್ರಿ ಅನ್ನಬೇಕು ಎಂದು ಅವನು ಎಣಿಸಿದ್ದ. ಅವಳು ಅಳಲಿಲ್ಲ.

"ಕೇಳಿದ್ರಿ, ಚಲೋ ಆತು" ಎಂದಳು. "ಆದ್ರ ಆತು ಬಿಡ್ರಿ ಅನ್ನಾಕ ನನಗ ಇವತ್ತ ಆಗಂಗಿಲ್ಲ. ಅಂದ್ರ ಸುಳ್ಳಾಕ್ಕೈತಿ. ತಡೀರಿ."

ತಡೆಯುವುದು ದುರಗಪ್ಪನಿಗೆ ಯಾವ ಜನ್ಮದಲ್ಲೂ ಗೊತ್ತಿರಲಿಲ್ಲ. ಆ ಮಧ್ಯಾಹ್ನ ಕಲಿಯತೊಡಗಿದ. ಒಂದು ಹಿಡಿ ಮೆಣಸಿನಕಾಯಿ ತನ್ನ ಕಡೆ ಎಳೆದುಕೊಂಡು ಸೀನುತ್ತಲೇ ತೊಟ್ಟು ಮುರಿದ. ಅರ್ಧಕ್ಕರ್ಧ ಕಾಯಿಯೇ ಮುರಿದುಹೋದವು. ಚೌಡವ್ವ ಬೈದು, ಹೇಗೆ ಮುರಿಯಬೇಕೆಂದು ತೋರಿಸಿಕೊಟ್ಟಳು.

ನಂತರದ ಭಾನುವಾರ ಪಾಸ್ಟರು ಎಂದಿನಂತೆ, "ಸಾಕ್ಷಿ ಹೇಳೋರು ಯಾರ ಅದಾರ್ರಿ?" ಎಂದರು. ಸಭೆಯ ಕತ್ತುಗಳೆಲ್ಲ ದುರಗಪ್ಪನ ಕಡೆ ತಿರುಗಿದವು. ಅಬ್ಬಾ, ಎಂಥ ಸಾಕ್ಷಿಯಿತ್ತು ಅವನ ಬಾಯಲ್ಲಿ! ದೊಡ್ಡ ಕೂಟವನ್ನೇ ಬಿಟ್ಟು ಹೆಂಡತಿಯ ಮುಂದೆ ಕೂತು ಕ್ಷಮೆ ಕೇಳಿದ ಗಂಡಸು ಈ ಸೀಮೆಯಲ್ಲಿ ಇನ್ನೊಬ್ಬನಿಲ್ಲ. ಹೇಳಿದರೆ ತಗಡು ಹಾರುವಷ್ಟು ಹಲ್ಲೆಲೂಯಾ ಬರುತ್ತಿತ್ತು. ಮೊದಲ ಮಾತು ತುಟಿಯವರೆಗೆ ಬಂದೇಬಿಟ್ಟಿತು. ಹಲ್ಲು ಕಚ್ಚಿ ಕೂತ. ಕ್ವಿಂಟಲ್ ಚೀಲ ಎತ್ತುವಾಗಲೂ ಅಷ್ಟು ಬೆವರಿರಲಿಲ್ಲ ಅವನು. ಮುಂದಿನ ವಾರವೂ ಹಾಗೆಯೇ ಕೂತ, ಅದರ ಮುಂದಿನ ವಾರವೂ. ದುರಗಪ್ಪನಿಗೆ ಆತ್ಮ ತಣ್ಣಗಾಗಿದೆ, ವಿಶ್ವಾಸದಲ್ಲಿ ಹಿಂದೆ ಬೀಳುತ್ತಿದ್ದಾನೆ ಎಂದು ಕೆಲವರು ಪಿಸುಗುಟ್ಟಿದರು. ಅದನ್ನೂ ಕೇಳಿಸಿಕೊಂಡ. ಮನೆಯಲ್ಲಿ ಚೌಡವ್ವ ಕ್ಷಮೆಯ ಮಾತು ಎತ್ತಲಿಲ್ಲ, ಅವನೂ ಕೇಳಲಿಲ್ಲ. ಸಿಟ್ಟು ನೆತ್ತಿಗೇರಿದ ದಿನ ಎದ್ದು ಹೊರಗೆ ಹೋಗಿ, ಇಳಿದ ಮೇಲೆ ಒಳಗೆ ಬರುತ್ತಿದ್ದ. ಕೆಲವು ದಿನ ಇಳಿಯಲು ಬಹಳ ಹೊತ್ತು ಹಿಡಿಯುತ್ತಿತ್ತು.

ಮಳೆಗಾಲ ಹಿಡಿದ ಮೇಲೆ ಒಂದು ಭಾನುವಾರ ಪಾಸ್ಟರು ಸಾಕ್ಷಿಗೆ ಕರೆದಾಗ, ಹೆಂಗಸರ ಸಾಲಿನಲ್ಲಿ ಚೌಡವ್ವ ಎದ್ದು ನಿಂತಳು. ಅವಳು ಅಲ್ಲಿ ಬಾಯಿ ತೆರೆದದ್ದು ಅದೇ ಮೊದಲು.

"ನನಗ ಮಾತಾಡಾಕ ಬರಂಗಿಲ್ರಿ" ಎಂದು ಶುರು ಮಾಡಿದಳು. "ನಮ್ಮ ಮನಿಯವ್ರು ಸೆರೆ ಬಿಟ್ರು, ಬಡಿಯೂದ ಬಿಟ್ರು. ನಾ ಏನೂ ಬಿಟ್ಟಿದ್ದಿಲ್ಲ. ನೀವೆಲ್ಲಾ ಕಣ್ಣ ಮುಚ್ಚಿ ಪ್ರಾರ್ಥನಾ ಮಾಡುವಾಗ ನಾನೂ ಮಾಡತಿದ್ದೆ. ಚೀಲದ ಥಪ್ಪಿ ಕುಸದು ಇವ್ರ ಮ್ಯಾಲ ಬೀಳಲಿ, ಇವ್ರು ಸಾಯಲಿ ಅಂತ ಬೇಡತಿದ್ದೆ. ವಾರಾ ವಾರಾ, ಇಲ್ಲೇ ಕುಂತು ಬೇಡೇನಿ. ಅದೂ ಪಾಪನರಿ. ಇವ್ರು ನನ್ನ ಮುಂದ ಕುಂತು ಕ್ಷಮಾ ಕೇಳಿದ್ರು. ಆವತ್ತ ನನಗ ಕೊಡಾಕ ಆಗಲಿಲ್ಲ. ಈಗ ಕೊಟ್ಟೇನಿ. ಹಂಗ ಬೇಡೂದ ಬಿಟ್ಟೇನ್ರಿ."

ಇಷ್ಟು ಹೇಳಿ ಕೂತಳು. ಯಾರೂ ಸ್ತೋತ್ರ ಎನ್ನಲಿಲ್ಲ. ಪಾಸ್ಟರು ಕನ್ನಡಕ ತೆಗೆದು ಒರೆಸಿಕೊಂಡರು. ತಗಡಿನ ಮೇಲೆ ಮಳೆ ಬೀಳುತ್ತಿತ್ತು.

ದುರಗಪ್ಪ ತಲೆ ಬಗ್ಗಿಸಿದ. ಇಷ್ಟು ವರ್ಷ ಆಳೆತ್ತರದ ಥಪ್ಪಿಗಳ ಕೆಳಗೆ ಓಡಾಡಿದ್ದ, ಒಂದು ಚೀಲವೂ ಅವನ ಮೇಲೆ ಜಾರಿರಲಿಲ್ಲ. ಹೆಂಡತಿಯ ಆ ಬೇಡಿಕೆಯನ್ನು ವಾರ ವಾರ ಕೇಳಿಸಿಕೊಂಡೂ ದೇವರು ನಡೆಸಿಕೊಡದೆ ಇವಳ ಮನಸ್ಸು ತಿರುಗಲೆಂದು ಕಾದಿದ್ದ, ಅವನದೂ ತಿರುಗಲೆಂದು ಕಾದಿದ್ದ. ಪಕ್ಕದವರಿಗೂ ಕೇಳಿಸದಷ್ಟು ಮೆಲ್ಲಗೆ ದುರಗಪ್ಪ ಸ್ತೋತ್ರ ಎಂದ.