ಬೇರನ್ನೂ ಕೇಳಿ ಅನ್ನೋ ಮೊಂಡಿ

ಬರ್ಕೋ ಕಂದ, ನಿಮ್ಮಕ್ಕನಂಥ ಮೊಂಡೀನ ನಾನೆಲ್ಲೂ ಕಂಡಿಲ್ಲ. ಬೆಳೆಗಳ ಲ್ಯಾಬಲ್ಲಿ ಕೆಲಸ ಅಲ್ವಾ, ಜೋಳದ ಗಿಡ ಸಿಕ್ರೆ ಎಲೆ ಒಂದು ಡಬ್ಬಿಗೆ, ಬೇರು ಒಂದು ಡಬ್ಬಿಗೆ, ಕಾಳು ಇನ್ನೊಂದಕ್ಕೆ. ಮನೇಲಿ ಸೊಪ್ಪು ಬಿಡಿಸೋಕೆ ಕೊಟ್ರೂ ಅದೇ ಕಥೆ, ಅಡುಗೆ ಆಗೋಷ್ಟರಲ್ಲಿ ನಮ್ಮ ಹೊಟ್ಟೆ ತಾಳ ಹಾಕ್ತಿರುತ್ತೆ. ‘ಅಜ್ಜಿ, ಒಂದೇ ಜೀನು ಗಿಡದ ತುಂಬಾ ಇರುತ್ತೆ, ಆದ್ರೆ ಬೇರಲ್ಲಿ ದುಡಿಯೋದು ಎಲೇಲಿ ಸುಮ್ನಿರಬಹುದು’ ಅಂತಾಳೆ. ನನಗೆಷ್ಟು ಅರ್ಥ ಆಗುತ್ತೋ, ಇರ್ಲಿ ಬಿಡು. ಅವಳ ಸಾಹೇಬ್ರು ಎಲೆ ಮಾತ್ರ ನೋಡಿ, ‘ಈ ಜೀನು ಸತ್ತಿದೆಯಮ್ಮ, ಇನ್ನು ಈ ಕೆಲಸ ನಿಲ್ಸು’ ಅಂದ್ರಂತೆ. ಇವಳು ಬಿಡ್ತಾಳಾ? ಮಣ್ಣು ಮೆತ್ತಿದ ಬೇರು ತಂದು ಅವರ ಮೇಜಿನ ಮೇಲಿಟ್ಟು, ‘ಸತ್ತಿಲ್ಲ ಸರ್, ಎಲೇಲಿ ಸುಮ್ನಿದೆ ಅಷ್ಟೆ. ಬೇರನ್ನ ಪರೀಕ್ಷೆ ಮಾಡೋವರೆಗೂ ನಾನು ನಿಲ್ಸಲ್ಲ’ ಅಂದ್ಳಂತೆ. ಇಷ್ಟು ಬಾಯಿ ಎಲ್ಲಿಂದ ಬಂತು ಅಂತೀಯಾ? ಚಿಕ್ಕವಳಿದ್ದಾಗ ಶಾಲೇಲಿ ತುಟಿ ಬಿಚ್ತಿರಲಿಲ್ಲ. ‘ಈ ಮಗೂಗೆ ಮಾತೇ ಬರಲ್ಲ, ಕರ್ಕೊಂಡು ಹೋಗಿ’ ಅಂದ್ರು ಟೀಚರಮ್ಮ. ನಾನು ಅವರ ಕೈಹಿಡಿದು ಕರ್ಕೊಂಡು ಬಂದು ನಮ್ಮ ಅಡುಗೆಮನೆ ಬಾಗಿಲ ಹಿಂದೆ ನಿಲ್ಲಿಸ್ದೆ. ಒಳಗೆ ಇವಳು ಬೆಕ್ಕನ್ನ ಮುಂದೆ ಕೂರಿಸ್ಕೊಂಡು, ಅದೇ ಟೀಚರಮ್ಮನ ಪಾಠ ಒಂದಕ್ಷರ ಬಿಡದೆ ಹೇಳಿಕೊಡ್ತಿದ್ಳು.